ನಾಲ್ಕನೆಯ ಹೆಜ್ಜೆ

ನಮ್ಮ ಗುರುಗಳ ಕಾಲಿನ ಹೆಬ್ಬೆರಳುಗಳು ಉಳಿದ ಬೆರಳುಗಳ ಜೊತೆ ಮಾತು ಬಿಟ್ಟಿದ್ದವು. ಎರಡೂ ಪಾದಗಳಲ್ಲಿ ಹೆಬ್ಬೆರಳು ಒಂದು ದಿಕ್ಕಿಗೆ, ಉಳಿದ ನಾಲ್ಕು ಇನ್ನೊಂದು ದಿಕ್ಕಿಗೆ. ನಡುವೆ ಒಂದು ಬಾಳೆಹಣ್ಣು ಆರಾಮವಾಗಿ ಮಲಗುವಷ್ಟು ಜಾಗ. ಕಾಪು ಪೇಟೆಯ ಯಾವ ಅಂಗಡಿಯ ಚಪ್ಪಲಿಯೂ ಆ ಪಾದಗಳಿಗೆ ಆಗುತ್ತಿರಲಿಲ್ಲ. "ಇದಕ್ಕೆ ಚಪ್ಪಲಿ ಅಲ್ಲ ಮಾರಾಯ್ರೆ, ಎರಡು ತೊಟ್ಟಿಲು ಮಾಡಿಸ್ಬೇಕು" ಎಂದು ಒಬ್ಬ ಅಂಗಡಿಯವನು ಹೇಳಿದ್ದಕ್ಕೆ ಅವರು ಆಮೇಲೆ ಆ ಅಂಗಡಿ ಇದ್ದ ರಸ್ತೆಯಲ್ಲೇ ನಡೆಯಲಿಲ್ಲ. ಸುತ್ತು ಬಳಸಿ ಹೋಗುತ್ತಿದ್ದರು, ಕಾದ ಡಾಂಬರಿನ ಮೇಲೆ, ಬರಿಗಾಲಲ್ಲಿ.

ಬೆರಳುಗಳು ಹಾಗಾದದ್ದು ದೊಣ್ಣೆವರಸೆಯಿಂದ ಮತ್ತು ಬಸ್ಸಿನಿಂದ. ಎಂಟನೆಯ ವಯಸ್ಸಿಗೆ ಅವರು ಕಾರ್ಕಳದಲ್ಲಿ ಒಬ್ಬರ ಬಳಿ ವರಸೆ ಕಲಿಯಲು ಸೇರಿದರು. ಮನೆಯವರು ಕಾಪುವಿಗೆ ಬಂದು ನೆಲೆಸಿದ ಮೇಲೂ ಆ ಗುರುವನ್ನು ಬಿಡಲಾಗದೆ, ಕಾರ್ಕಳಕ್ಕೆ ಹೋಗುವ ಬಸ್ಸಿನಲ್ಲಿ ಕಂಡಕ್ಟರ್ ಆದರು. ಮಧ್ಯಾಹ್ನ ಬಸ್ಸು ಅಲ್ಲಿ ಒಂದೂವರೆ ಗಂಟೆ ನಿಲ್ಲುತ್ತಿತ್ತಂತೆ. ಡ್ರೈವರ್ ಉಂಡು ಹಿಂದಿನ ಸೀಟಿನಲ್ಲಿ ಉದ್ದಕ್ಕೆ ಮಲಗಿದರೆ ಇವರು ಸೀಟಿನಡಿಯ ಬೆತ್ತ ಎಳೆದುಕೊಂಡು ಗುರುವಿನ ಮನೆಗೆ ಓಡುತ್ತಿದ್ದರು. ಹಾಗೆ ಓಡಿ ಓಡಿ, ಮೂವತ್ತನೆಯ ವಯಸ್ಸಿಗೆ ವಿದ್ಯೆ ಪೂರ್ತಿಯಾಯಿತು. ಪೂರ್ತಿಯಾದದ್ದನ್ನು ಆಮೇಲೆ ನಲವತ್ತು ವರ್ಷ ದಿನ ತಪ್ಪದೆ ಅಭ್ಯಾಸ ಮಾಡಿದರು. ಮದುವೆಯ ದಿನ ಬೆಳಿಗ್ಗೆಯೂ ಮಾಡಿ, ಬೆವರಿನಲ್ಲೇ ಬಾಸಿಂಗ ಕಟ್ಟಿಸಿಕೊಂಡರೆಂದು ಅವರ ಹೆಂಡತಿ ಈಗಲೂ ಮೂಗು ಮುಚ್ಚಿ ತೋರಿಸುತ್ತಾರೆ.

ಅವರ ಮನೆಯ ಹಿಂದಿನ ಹೆಂಚಿನ ಶೆಡ್ಡೇ ನಮ್ಮ ತಾಲೀಮು ಶಾಲೆ. ನನ್ನನ್ನು ಹತ್ತು ವರ್ಷಕ್ಕೆ ಅಲ್ಲಿಗೆ ತಳ್ಳಿದ್ದು ನನ್ನ ಅಮ್ಮ. ಶಾಲೆಯಲ್ಲಿ ಹೆಡ್‌ಮಾಸ್ಟರರ ಕೆಮ್ಮು, ಟೀಚರ ನಡಿಗೆ, ಮಧ್ಯಾಹ್ನದ ಊಟ ಬಡಿಸುವ ಅಕ್ಕನ ನಿಟ್ಟುಸಿರು, ಎಲ್ಲವನ್ನೂ ಅನುಕರಿಸಿ ನಾನು ಊರಿಗೇ ಬೇಡವಾಗಿದ್ದೆ. "ಸ್ವಲ್ಪ ಪೆಟ್ಟು ಬೀಳ್ಲಿ ಗುರುಗಳೇ, ಕೈಕಾಲು ಮಾತ್ರ ಉಳಿಸಿ" ಎಂದು ಅಮ್ಮ ಕೈಮುಗಿದಳು. ಗುರುಗಳು ನನ್ನನ್ನು ನೋಡಿದರು. "ಎಂತ ಬರ್ತದೆ ನಿನಗೆ?" ಎಂದರು. ನಾನು ಅದೇ ಗಂಟಲಿನಲ್ಲಿ "ಎಂತ ಬರ್ತದೆ ನಿನಗೆ?" ಎಂದೆ. ಮೊಳಕಾಲಿನ ಕೆಳಗಿನ ಎಲುಬಿಗೆ ಬೆತ್ತದ ತುದಿ ತಾಗಿದ್ದು ಗೊತ್ತಾಗುವ ಮೊದಲೇ ನಾನು ನೆಲದಲ್ಲಿದ್ದೆ.

"ನೋವಾಯ್ತಾ?"

"ಹೂಂ."

"ಒಳ್ಳೆದು. ಅಲ್ಲಿ ಒಂದು ಕಾಲು ಉಂಟು ಅಂತ ಗೊತ್ತಾಯ್ತಲ್ಲ."

ಅದೇ ಅವರ ಬೋಧನಾ ಪದ್ಧತಿ. ಹೀಗೆ ಮಾಡು ಎನ್ನುತ್ತಿರಲಿಲ್ಲ. ಮಾಡಿದ ಮೇಲೆ "ತಪ್ಪು" ಎನ್ನುತ್ತಿದ್ದರು. ತಪ್ಪು ಎಲ್ಲಿದೆ ಎಂದು ಬೆತ್ತ ತಿಳಿಸುತ್ತಿತ್ತು. ಸರಿಯಾದರೆ ಮಾತಿಲ್ಲ, ಪೆಟ್ಟೂ ಇಲ್ಲ. ಗೋಡೆಯ ಕಡೆ ನೋಡುತ್ತಿದ್ದರು. ಅವರು ಗೋಡೆ ನೋಡಿದ ದಿನ ನಾವು ಹಬ್ಬ ಮಾಡುತ್ತಿದ್ದೆವು.

ಶಿಷ್ಯರನ್ನು ಹೆಸರು ಹಿಡಿದು ಕರೆದವರಲ್ಲ. ಯಾರಲ್ಲಿ ಯಾವ ದೋಷವೋ ಅದೇ ಅವನ ಹೆಸರು. ಒಬ್ಬ 'ಮೊಣಕೈ', ಒಬ್ಬ 'ನಿದ್ದೆ', ನಾನು ಮೊದಲ ದಿನದಿಂದಲೇ 'ಬಾಯಿ'. ದೊಡ್ಡ ಶಿಷ್ಯನೊಬ್ಬನಿಗೆ ಮಾತ್ರ ದೋಷದ ಹೆಸರಿರಲಿಲ್ಲ. ಎಷ್ಟು ಹುಡುಕಿದರೂ ಸಿಗದ್ದಕ್ಕೋ ಏನೋ, ಅವರನ್ನು 'ಘಟ್ಟ' ಎಂದು ಕರೆಯುತ್ತಿದ್ದರು. ಏಳು ವರ್ಷದ ಹುಡುಗನಾಗಿದ್ದಾಗ, ಕಟ್ಟಡಕ್ಕೆ ಕಲ್ಲು ಹೊರಲು ಬಂದ ತಂದೆತಾಯಿಯ ಜೊತೆ ಬಾಗಲಕೋಟೆ ಕಡೆಯಿಂದ ಘಟ್ಟ ಇಳಿದು ಬಂದವರು ಅವರು. ಈಗ ಟೈಲ್ಸ್ ಹಾಕುವ ಕೆಲಸ. ಸಂಜೆ ಹುಬ್ಬಿನ ಮೇಲೆ ಸಿಮೆಂಟು ಹೊತ್ತುಕೊಂಡೇ ಶೆಡ್ಡಿಗೆ ಬರುತ್ತಿದ್ದರು. ಇಲ್ಲಿ ಇಪ್ಪತ್ತು ವರ್ಷ ಕಳೆದರೂ ನಾಲಿಗೆ ಮಾತ್ರ ಘಟ್ಟ ಇಳಿದಿರಲಿಲ್ಲ. ನನಗೆ ಅವರು ಹೇಳಿಮಾಡಿಸಿದ ಸರಕು. "ಹೌದ್ರೀ ಗುರುಗಳ, ಮಾಡ್ತೀನ್ರೀ ಗುರುಗಳ" ಎಂದು ನಾನು ಸೊಂಟ ಬಗ್ಗಿಸಿದರೆ ಶೆಡ್ಡಿನ ಹೆಂಚು ಹಾರುವಷ್ಟು ನಗು. ಅವರೂ ನಗುತ್ತಿದ್ದರು. "ತಮ್ಮಾ, ನನ್ನಕಿಂತ ಚಲೋ ಮಾಡ್ತಿ ನೀ" ಎನ್ನುತ್ತಿದ್ದರು.

ಭಾನುವಾರ ಪಾಠ ಬಸ್ಸಿನಲ್ಲಿ. ಆಗ ಗುರುಗಳು ಪಡುಬಿದ್ರಿ–ಉಡುಪಿ ಬಸ್ಸಿನ ಕಂಡಕ್ಟರ್. ಓಡುವ ಬಸ್ಸಿನಲ್ಲಿ ಅವರು ಏನನ್ನೂ ಹಿಡಿದುಕೊಂಡು ನಿಂತವರಲ್ಲ. ಆ ಬೆರಳುಗಳು ನೆಲವನ್ನು ಕಚ್ಚಿಕೊಂಡಿರುತ್ತಿದ್ದವು. ನಾವೂ ಹಾಗೆಯೇ ಕೈಬಿಟ್ಟು ಉಡುಪಿಯ ತನಕ ನಿಲ್ಲಬೇಕು. ನಮ್ಮ ಕಡೆಯ ಬಸ್ಸು ಹತ್ತಿದವರಿಗೆ ಇದು ಎಂಥ ಶಿಕ್ಷೆ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಕಂಬಿಗೆ ಕೈ ಹೋದರೆ ಗೆಣ್ಣಿಗೆ ಪೆಟ್ಟು. ಉದ್ಯಾವರದಲ್ಲಿ ಡ್ರೈವರ್ ಬ್ರೇಕು ಹಾಕಿದಾಗ ನಾನು ಮೀನಿನ ಬುಟ್ಟಿಯ ಮೇಲೆ ಮಗುಚಿ ಬಿದ್ದೆ. ಬುಟ್ಟಿಯ ಹೆಂಗಸು "ಕಣ್ಣು ಕಾಣುದಿಲ್ವಾ ನಿನಗೆ?" ಎಂದು ಕಿರುಚಿದಳು. ಗುರುಗಳು ಟಿಕೆಟ್ ಹರಿಯುತ್ತಲೇ ಹೇಳಿದರು: "ಅವನಿಗೆ ಕಣ್ಣು ಉಂಟು ಅಕ್ಕ, ಕಾಲಿಲ್ಲ. ಬೂತಾಯಿ ಮೀನು ನಾಲ್ಕು ಅವನ ಅಂಗಿಯೊಳಗೆ ಹೋಗಿದೆ ನೋಡಿ, ತೆಕ್ಕೊಳ್ಳಿ."

ಓಡುವ ಬಸ್ಸಿನಿಂದ ಹಾರಿ ಇಳಿಯುವ ಅಭ್ಯಾಸದಿಂದ ಕೊನೆಕೊನೆಗೆ ಅವರ ಎಡ ಮೊಣಕಾಲು ಕೆಟ್ಟಿತು. ನಿವೃತ್ತಿಯ ಹೊತ್ತಿಗೆ ಆ ಕಾಲನ್ನು ಸ್ವಲ್ಪ ಎಳೆದೇ ನಡೆಯುತ್ತಿದ್ದರು. ನನ್ನ ಸಂಗ್ರಹಕ್ಕೆ ಇನ್ನೊಂದು ಐಟಂ ಸೇರಿತು.

ಇನ್ನು ಕೊನೆಯ ವರಸೆಯ ವಿಷಯ. ಈ ವಿದ್ಯೆಯಲ್ಲಿ ಎಲ್ಲರಿಗೂ ಎಲ್ಲವನ್ನೂ ಕೊಡುತ್ತಾರೆ, ಒಂದು ವರಸೆಯ ಹೊರತು. ಅದನ್ನು ಗುರು ತನ್ನ ಜೀವಮಾನದಲ್ಲಿ ಒಬ್ಬನಿಗೆ ಮಾತ್ರ ಕೊಡುತ್ತಾನೆ. ಮೂರು ಸಲ ಮಾಡಿ ತೋರಿಸುತ್ತಾನೆ, ನಾಲ್ಕನೆಯ ಸಲ ಇಲ್ಲ. ಶಿಷ್ಯ ಕೇಳಬಾರದು, ಗುರು ಬಾಯಿಬಿಟ್ಟು ವಿವರಿಸಬಾರದು. ಹೆಜ್ಜೆಯ ಗುರುತು ಉಳಿಯುವ ನೆಲದಲ್ಲಿ ಅದನ್ನು ಮಾಡಬಾರದು. ಕಾರ್ಕಳದ ಗುರು ಬಂಡೆಯ ಮೇಲೆ ಮಾಡುತ್ತಿದ್ದರಂತೆ. ಕಾಪುವಿನಲ್ಲಿ ಬಂಡೆ ಇರುವುದು ಲೈಟ್‌ಹೌಸಿನ ಬುಡದಲ್ಲಿ. ಅಲ್ಲಿ ಸೂರ್ಯನಿಗಿಂತ ಮೊದಲು ಸೆಲ್ಫಿಯವರು ಏಳುತ್ತಾರೆ. ಹಾಗಾಗಿ ನಮ್ಮ ಗುರುಗಳು ಬೆಳಕು ಹರಿಯುವಾಗ ಎರ್ಮಾಳಿನ ಕಡಲ ಕರೆಗೆ ಹೋಗಿ, ತೆರೆ ಬಂದು ಹಿಂದೆ ಸರಿಯುವ ಒದ್ದೆ ಮರಳಿನಲ್ಲಿ ಮಾಡುತ್ತಿದ್ದರು. ಮಾಡಿ ಮುಗಿಸುವಷ್ಟರಲ್ಲಿ ನೀರು ಬಂದು ಹೆಜ್ಜೆಗಳನ್ನು ಒರೆಸುತ್ತಿತ್ತು.

ಆ ವರಸೆ ದೊಡ್ಡ ಶಿಷ್ಯನಿಗೇ ಸೇರಬೇಕಾದದ್ದೆಂದು ಶೆಡ್ಡಿನ ಹಲ್ಲಿಗೂ ಗೊತ್ತಿತ್ತು. ವರ್ಷಕ್ಕೊಮ್ಮೆ, ಗುರುಪೂರ್ಣಿಮೆಯ ದಿನ, ಅವರು ಕಾಲು ಮುಟ್ಟಿ ಎದ್ದು ನಿಂತು ಕಾಯುತ್ತಿದ್ದರು. ಗುರುಗಳು "ಇನ್ನೂ ಆಗ್ಲಿಲ್ಲ" ಎನ್ನುತ್ತಿದ್ದರು. ಹತ್ತು ವರ್ಷಕ್ಕೂ ಅದೇ ಮಾತು, ಹದಿನೈದಕ್ಕೂ ಅದೇ. ಒಂದು ವರ್ಷ ಮಾತ್ರ ಇನ್ನೊಂದು ವಾಕ್ಯ ಸೇರಿಸಿದರು: "ನಿನ್ನ ಕಾಲಿಗೆ ಇನ್ನೂ ಆ ಕಡೆಯ ಮಣ್ಣು ಅಂಟಿಕೊಂಡುಂಟು." ಆ ದಿನ ದೊಡ್ಡ ಶಿಷ್ಯ ಶೆಡ್ಡಿನ ಹಿಂದಿನ ನಳ್ಳಿಯಲ್ಲಿ ಬಹಳ ಹೊತ್ತು ಕಾಲು ತೊಳೆಯುತ್ತಿದ್ದರು. ನಾನು ಅದನ್ನೂ ಅನುಕರಿಸಿ ತೋರಿಸಿದೆ. ಯಾರೂ ನಗಲಿಲ್ಲ, ನಾನೊಬ್ಬನೇ ನಕ್ಕೆ.

ನನಗೆ ಹತ್ತೊಂಬತ್ತಾದಾಗ ನಮ್ಮ ಯುವಕ ಮಂಡಲದ ವಾರ್ಷಿಕೋತ್ಸವದಲ್ಲಿ ಮಿಮಿಕ್ರಿಗೆ ಹತ್ತು ನಿಮಿಷ ಕೊಟ್ಟರು. ಹೊಸ ಸರಕು ಬೇಕಿತ್ತು. ಮೂರು ದಿನ ಬೆಳಿಗ್ಗೆ ಎರ್ಮಾಳಿಗೆ ಹೋಗಿ ದಡಕ್ಕೆ ಎಳೆದಿಟ್ಟ ದೋಣಿಯ ಹಿಂದೆ ಅಡಗಿ ಗುರುಗಳನ್ನು ನೋಡಿದೆ. ವಿದ್ಯೆ ಕದಿಯಲು ಹೋದದ್ದಲ್ಲ, ನಗಿಸಲು ಹೋದದ್ದು. ಒಮ್ಮೆ ನೋಡಿದ್ದು ನನ್ನ ಮೈಗೆ ಅಂಟುತ್ತದೆ, ಅಷ್ಟೇ. ಆ ಸಂಜೆ ವೇದಿಕೆಯಲ್ಲಿ ಹೆಬ್ಬೆರಳು ಅಗಲಿಸಿ, ಮೂಗಿನಲ್ಲಿ ಉಸಿರು ಬಿಡುತ್ತ, ಕೊನೆಯ ವರಸೆಯ ಮೊದಲ ನಾಲ್ಕು ಹೆಜ್ಜೆ ಹಾಕಿದೆ. ನಾಲ್ಕನೆಯ ಹೆಜ್ಜೆಗೆ ಎಡಗಾಲನ್ನು ಅವರಂತೆಯೇ ಸರ್ರನೆ ಎಳೆದೆ. ಸಭೆ ಬಿದ್ದು ಬಿದ್ದು ನಕ್ಕಿತು. ಮುಂದಿನ ಸಾಲಿನಲ್ಲಿ ಗುರುಗಳು, ಪಕ್ಕದಲ್ಲಿ ದೊಡ್ಡ ಶಿಷ್ಯ.

ಗುರುಗಳು ವೇದಿಕೆಯ ಹಿಂದೆ ಬಂದರು. ಪೆಟ್ಟು ಬೀಳುತ್ತದೆಂದು ಮೊಳಕಾಲು ಹಿಂದೆ ಎಳೆದುಕೊಂಡೆ.

"ಎಷ್ಟು ಸಲ ನೋಡಿದ್ದಿ?"

"ಮೂರು."

"ಪೂರ್ತಿ?"

"ಪೂರ್ತಿ."

ಅವರು ಸ್ವಲ್ಪ ಹೊತ್ತು ಪರದೆಯನ್ನು ನೋಡುತ್ತ ನಿಂತರು. "ನಾಳೆಯಿಂದ ಬರ್ಬೇಡ" ಎಂದರು. ದೊಡ್ಡ ಶಿಷ್ಯ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದರು. ನಾನು ಪಕ್ಕದಿಂದ ಹಾದುಹೋಗುವಾಗ ಅವರು ನನ್ನ ಮುಖ ನೋಡಲಿಲ್ಲ, ಕಾಲು ನೋಡಿದರು.

ಎರಡೂವರೆ ವರ್ಷ ನಾನು ಆ ಕಡೆ ಹೋಗಲಿಲ್ಲ. ಒಂದು ದಿನ ದೊಡ್ಡ ಶಿಷ್ಯ ಬೈಕಿನಲ್ಲಿ ನಮ್ಮ ಮನೆಗೆ ಬಂದರು. ಶೆಡ್ಡಿನಲ್ಲಿ ಪಾಠ ಮಾಡುತ್ತಿದ್ದಾಗ ಗುರುಗಳ ಕೈಯಿಂದ ಬೆತ್ತ ಬಿತ್ತಂತೆ. ಬಿದ್ದ ಬೆತ್ತ ನೋಡಿಯೇ ಮಕ್ಕಳು ಹೆದರಿ ಅತ್ತರಂತೆ. ಮತ್ತೆ ನೋಡಿದರೆ ಬಲಗೈ, ಬಲಗಾಲು, ಮಾತು ಎಲ್ಲ ಹೋಗಿತ್ತು. ಮಣಿಪಾಲದಲ್ಲಿ ಹದಿನೆಂಟು ದಿನ ಇಟ್ಟುಕೊಂಡು ಮನೆಗೆ ಕಳಿಸಿದ್ದರು.

"ಮಾತು ಪೂರಾ ಹೋಗೇತಿ ಅಂತಲ್ಲ" ಎಂದರು. "ಒಂದು ಉಳದೈತಿ."

ಉಳಿದದ್ದು "ತಪ್ಪು" ಎಂಬ ಮಾತು. ಆಸ್ಪತ್ರೆಯಲ್ಲಿ ಮಾತು ಕಲಿಸುವ ಹುಡುಗಿ ದನದ ಚಿತ್ರ ತೋರಿಸಿ "ಇದೇನು ಅಜ್ಜ?" ಎಂದಳಂತೆ. "ತಪ್ಪು." ಲೋಟದ ಚಿತ್ರ. "ತಪ್ಪು." ಪಾಪ, ಅವಳು ಚಿತ್ರ ತಿರುಗಿಸಿ ತಾನೂ ಒಮ್ಮೆ ನೋಡಿಕೊಂಡಳಂತೆ. ಗಂಜಿ ಬೇಕೆಂದರೂ ತಪ್ಪು, ಸಾಕೆಂದರೂ ತಪ್ಪು. ಹೌದಾ ಎಂದು ಕೇಳಿದರೆ ತಲೆ ಆಡಿಸುತ್ತಿದ್ದರು, ಅಲ್ವಾ ಎಂದು ಕೇಳಿದರೂ ಹಾಗೆಯೇ ಆಡಿಸುತ್ತಿದ್ದರು. ಅವರ ಹೆಂಡತಿ ಹೇಳಿದ್ದು ಇಷ್ಟೇ: "ನಲವತ್ತು ವರ್ಷದಿಂದ ಇದನ್ನೇ ಕೇಳ್ತಾ ಇದ್ದೇನೆ. ನನಗೆ ಎಂತ ವ್ಯತ್ಯಾಸವೂ ಗೊತ್ತಾಗ್ಲಿಲ್ಲ."

ದೊಡ್ಡ ಶಿಷ್ಯ ನಮ್ಮ ಅಂಗಳದಲ್ಲಿ ನಿಂತೇ ಇದ್ದರು. "ಆ ವರಸಿ ಈಗ ಇರೋದು ನಿನ್ನ ಮೈಯಾಗ ಒಂದ. ಗುರುಗಳ ಮುಂದ ಮಾಡಿ ತೋರ್ಸು. ಕಳವಿನ ಮಾಲು, ಖರೆ. ಸರಿಯಾದ್ರೂ ಇರ್ಲಿ. ಇಲ್ಲಾಂದ್ರ ಅವರ ಜೋಡೀನ ಸುಟ್ಟು ಹೋಗ್ತದ."

"ನೀವೇ ಕಲಿತುಕೊಳ್ಳಿ ಅಣ್ಣ. ನಾನು ತೋರಿಸುತ್ತೇನೆ" ಎಂದೆ.

"ಗುರುಗಳು ಇರೋತನಕ ತಗೊಂಡ್ರ ಅವರ ಕಡಿಂದ ತಗೋಬೇಕು. ಕಳ್ಳನ ಕಡಿಂದ ಅಲ್ಲ."

ಹಾಗೆ ನಾನು ಮತ್ತೆ ಹೋಗತೊಡಗಿದೆ. ಗುರುಗಳನ್ನು ಜಗಲಿಯ ಮಂಚದ ಮೇಲೆ ದಿಂಬಿಗೆ ಒರಗಿಸಿ ಕೂರಿಸುತ್ತಿದ್ದರು. ದಿನಾ ಬೆಳಿಗ್ಗೆ ಅವರ ಮೈ ಒರೆಸಿ, ಲುಂಗಿ ಬದಲಿಸಿ, ಆಮೇಲೆ ಕೆಲಸಕ್ಕೆ ಹೋಗುತ್ತಿದ್ದದ್ದು ದೊಡ್ಡ ಶಿಷ್ಯ. ನಾನು ಅಂಗಳದಲ್ಲಿ ವರಸೆ ಶುರುಮಾಡಿದರೆ ಅವರು ಗೋಡೆಗೆ ಮುಖಮಾಡಿ ನಿಲ್ಲುತ್ತಿದ್ದರು. ತನಗೆ ಕೊಡದ್ದನ್ನು ಕಣ್ಣಿನಿಂದಲೂ ಮುಟ್ಟಬಾರದೆಂಬ ಹಟ. ನಾನು ಮುಗಿಸುತ್ತಿದ್ದೆ. ಗುರುಗಳು "ತಪ್ಪು" ಎನ್ನುತ್ತಿದ್ದರು.

ತೊಂದರೆ ಏನೆಂದರೆ ನನಗೇ ಗೊತ್ತಿತ್ತು, ಎಲ್ಲೋ ತಪ್ಪಿದೆ. ನಾನು ನೋಡಿದ್ದು ಮೊಣಕಾಲು ಕೆಟ್ಟ ಮುದುಕನ ವರಸೆಯನ್ನು. ನಾಲ್ಕನೆಯ ಹೆಜ್ಜೆಯ ಆ ಎಳೆತ ವರಸೆಯದ್ದೋ, ಮೊಣಕಾಲಿನದ್ದೋ? ಮಿಮಿಕ್ರಿಯವನ ಮೈಗೆ ಜರಡಿ ಇಲ್ಲ, ಬಂದದ್ದೆಲ್ಲ ಒಳಗೆ. ಎಳೆದು ಮಾಡಿದೆ, "ತಪ್ಪು". ಎಳೆಯದೆ ಮಾಡಿದೆ, "ತಪ್ಪು". ಪರೀಕ್ಷೆಗೆಂದು, ಮಗುವಿಗೂ ಬರುವ ಮೊದಲ ದಿನದ ನಮಸ್ಕಾರ ಮಾಡಿದೆ. ಅದಕ್ಕೂ "ತಪ್ಪು". ಹದಿನೈದು ತಿಂಗಳು ಹೀಗೆ. ಜೀವಮಾನವಿಡೀ ಆ ಒಂದು ಮಾತಿನಿಂದ ನಮ್ಮನ್ನು ಅರೆದವರು ಈಗ ಅದರೊಳಗೇ ಸಿಕ್ಕಿಬಿದ್ದಿದ್ದರು. ನನಗೆ ಮೊದಲು ಪಾಪ ಎನಿಸಿತು, ಆಮೇಲೆ ಬೇಸರ, ಆಮೇಲೆ, ಸುಳ್ಳೇಕೆ, ಸ್ವಲ್ಪ ಖುಷಿ.

ದೊಡ್ಡ ಶಿಷ್ಯ ಶಿರ್ವದಲ್ಲಿ ಯಾವುದೋ ದುಬೈಯವರ ಮನೆಗೆ ಟೈಲ್ಸ್ ಹಾಕಲು ಹೋಗಿದ್ದ ಒಂದು ದಿನ, ನಾನು ವಾರ್ಷಿಕೋತ್ಸವದ ಐಟಂ ತೆಗೆದೆ. ಗುರುಗಳ ಮುಂದೆಯೇ, ಜಗಲಿಯ ಮೇಲೆಯೇ, ಗುರುಗಳಾದೆ. ಮೂಗಿನ ಉಸಿರು, ಅಗಲಿಸಿದ ಬೆರಳು, ಸಾಲದ್ದಕ್ಕೆ ಈಗಿನ ಸೊಟ್ಟ ಬಾಯಿಯನ್ನೂ ಸೇರಿಸಿದೆ. ಒಂದು, ಎರಡು, ಮೂರು. ನಾಲ್ಕನೆಯದಕ್ಕೆ ಎಡಗಾಲನ್ನು ಇಡೀ ಜಗಲಿ ಕೇಳುವಂತೆ ಎಳೆದೆ.

ಮಂಚದ ಪಕ್ಕದಲ್ಲಿ ಬೆತ್ತ ಒರಗಿಸಿಟ್ಟಿದ್ದು ನನಗೆ ಗೊತ್ತಿತ್ತು. ಅವರ ಎಡಗೈಯಲ್ಲಿ ಅಷ್ಟು ಉಳಿದಿದೆ ಎಂದು ಗೊತ್ತಿರಲಿಲ್ಲ. ಪೆಟ್ಟು ನನ್ನ ಎಡ ಮೊಣಕಾಲಿನ ಚಿಪ್ಪಿಗೇ ಬಿತ್ತು. ಹಸಿ ಕಟ್ಟಿಗೆ ಮುರಿದ ಸದ್ದು. ನಾನು ಬಿದ್ದು ಹೊರಳಾಡಿದೆ. ಒಳಗಿನಿಂದ "ಅಯ್ಯೋ, ಎಂತ ಮಾಡಿದ್ರಿ!" ಎಂದು ಅವರ ಹೆಂಡತಿ ಓಡಿಬಂದರು. ಗುರುಗಳು ಅವರ ಕಡೆ ನೋಡಲಿಲ್ಲ. ಬೆತ್ತದ ತುದಿಯನ್ನು ನನ್ನ ಎಡಪಾದದ ಹಿಮ್ಮಡಿಯ ಅಡಿಗೆ ತೂರಿಸಿ, ಮೆಲ್ಲಗೆ, ಒಂದು ಗೇಣು ಎತ್ತಿದರು. ಎತ್ತಿ ಅಲ್ಲೇ ಹಿಡಿದರು. ನೋವಿನಲ್ಲಿ ನನ್ನ ಕಣ್ಣು ಕತ್ತಲಿಡುತ್ತಿತ್ತು, ಆದರೂ ಅರ್ಥವಾಯಿತು. ಎಳೆಯುವುದಲ್ಲ. ಒಂದು ಗೇಣು ಎತ್ತಿ ಇಡುವುದು. ಅವರು ಬೆತ್ತ ಕೆಳಗಿಟ್ಟು ಗೋಡೆಯ ಕಡೆ ನೋಡಿದರು.

ಮಣಿಪಾಲದಲ್ಲಿ ಡಾಕ್ಟರು ಎಕ್ಸ್‌ರೇ ಹಿಡಿದು "ಹೇಗಾಯಿತು?" ಎಂದರು. "ಪಾಠ ನಡೆಯುತ್ತಿತ್ತು" ಎಂದೆ. ಎರಡು ತಿಂಗಳು ಪ್ಲಾಸ್ಟರ್. ಮೊಣಕಾಲು ಇನ್ನು ಪೂರ್ತಿ ಮಡಚುವುದಿಲ್ಲ ಎಂದರು. ಸರಿಯಾದ ಹೆಜ್ಜೆ ಗೊತ್ತಾದ ದಿನವೇ ಅದನ್ನು ಹಾಕುವ ಕಾಲು ಹೋಯಿತು. ದೊಡ್ಡ ಶಿಷ್ಯ ನೋಡಲು ಬಂದರು, ಒಂದು ಡಜನ್ ಕಿತ್ತಳೆ ತಂದರು. ಪೆಟ್ಟಿನ ವಿಷಯ ಹೇಳಿದೆ. ಹಿಮ್ಮಡಿಯ ವಿಷಯ ಹೇಳಲಿಲ್ಲ. ಏಕೆ ಎಂದು ಆಗ ಕೇಳಿದ್ದರೆ ನೋವಿನಲ್ಲಿ ಮರೆತೆ ಎನ್ನುತ್ತಿದ್ದೆ.

ನನ್ನ ಪ್ಲಾಸ್ಟರ್ ಬಿಚ್ಚುವ ಮೊದಲೇ ಗುರುಗಳು ಹೋದರು. ಮೈ ತೊಳೆದದ್ದು ದೊಡ್ಡ ಶಿಷ್ಯ. ಎರಡು ಹೆಬ್ಬೆರಳನ್ನು ಸೇರಿಸಿ ಕಟ್ಟಲು ದಾರ ಸಾಲದೆ ಇನ್ನೊಂದು ಸುತ್ತು ತಂದರು ಎಂದು ಯಾರೋ ಹೇಳಿದರು. ನಾನು ಕುರ್ಚಿಯಲ್ಲಿ ಕಾಲು ಚಾಚಿ ಅಂಗಳದಲ್ಲಿ ಕೂತಿದ್ದೆ. ಬಂದವರಲ್ಲಿ ಯಾರು ಹೇಗೆ ಅಳುತ್ತಾರೆ ಎಂದು ಮೈ ತನ್ನಷ್ಟಕ್ಕೆ ಬರೆದುಕೊಳ್ಳುತ್ತಿತ್ತು. ಅದಕ್ಕೆ ನಾಚಿಕೆ ಎಂಬುದಿಲ್ಲ.

ಹದಿಮೂರನೆಯ ದಿನ ಕಳೆದು ದೊಡ್ಡ ಶಿಷ್ಯ ಬಂದರು. ನನಗಿಂತ ಹದಿನಾರು ವರ್ಷ ದೊಡ್ಡವರು. ಬಗ್ಗಿ ನನ್ನ ಕಾಲು ಮುಟ್ಟಿದರು, ಪ್ಲಾಸ್ಟರ್ ಬಿಚ್ಚಿ ಬೆಳ್ಳಗಾಗಿದ್ದ ಕಾಲನ್ನು.

"ಈಗ ನೀನ ಗುರು" ಎಂದರು. "ಹೇಳು. ಮಾಡ್ತೀನಿ."

ಬೈಕಿನಲ್ಲಿ ಕೂರಿಸಿಕೊಂಡು ಎರ್ಮಾಳಿಗೆ ಕರೆದೊಯ್ದರು. ಬೆಳಕು ಹರಿಯುತ್ತಿತ್ತು. ನಾನು ದೋಣಿಯ ಅಂಚಿನಲ್ಲಿ ಕೂತೆ. ಮಾಡಿ ತೋರಿಸಲು ನನಗೆ ಕಾಲಿರಲಿಲ್ಲ. ಹಾಗಾಗಿ ಕಟ್ಟಳೆ ಮುರಿದು ಬಾಯಲ್ಲಿ ಹೇಳಿದೆ. ಬಲಗಾಲು, ತಿರುಗಿ, ಬೆತ್ತ ಭುಜದ ಮೇಲೆ. ನಾಲ್ಕನೆಯದಕ್ಕೆ "ಎಡಗಾಲು ಮುಂದೆ" ಎಂದಷ್ಟೇ ಹೇಳಿದೆ. ಎತ್ತು ಎನ್ನಲಿಲ್ಲ.

ಅವರು ಎತ್ತಿದರು. ಯಾರೂ ಹೇಳದೆ, ಸರಿಯಾಗಿ ಒಂದು ಗೇಣು. ಇಪ್ಪತ್ತು ವರ್ಷ ಕಾದ ಕಾಲು ಅದು, ದಾರಿ ತಾನೇ ಹುಡುಕಿಕೊಂಡಿತು. ಎತ್ತಿದ ಹಿಮ್ಮಡಿಯಿಂದ ನೀರು ತೊಟ್ಟಿಕ್ಕಿತು, ಪಾದ ಮರಳಿಗೆ ಸದ್ದಿಲ್ಲದೆ ಇಳಿಯಿತು, ಅಲ್ಲಿಂದ ಕೊನೆಯ ತನಕ ವರಸೆ ಒಂದೇ ಉಸಿರಿನಲ್ಲಿ ಹರಿಯಿತು. ನಾನು ಮೊಣಕಾಲು ಕೊಟ್ಟು ಪಡೆದದ್ದು, ನನ್ನ ಮೈಯಲ್ಲಿ ಒಂದು ದಿನವೂ ನಿಲ್ಲದ್ದು, ಅವರಿಗೆ ಮೊದಲ ಸಲಕ್ಕೇ ಬಂದಿತ್ತು. ಮುಗಿಸಿ ನನ್ನ ಕಡೆ ತಿರುಗಿದರು. ತೆರೆ ಬಂದು ಹೆಜ್ಜೆಗಳನ್ನು ಒರೆಸಿಕೊಂಡು ಹೋಯಿತು.

"ತಪ್ಪು" ಎಂದೆ.

ಅದು ನನ್ನ ಸ್ವರವಾಗಿರಲಿಲ್ಲ. ಗಂಟಲು, ಉಸಿರು, ಆ ಒತ್ತು, ಎಲ್ಲ ಗುರುಗಳದ್ದು. ನನ್ನ ಜೀವಮಾನದಲ್ಲಿ ಇಷ್ಟು ಚೆನ್ನಾಗಿ ನಾನು ಯಾರನ್ನೂ ಅನುಕರಿಸಿಲ್ಲ. ದೊಡ್ಡ ಶಿಷ್ಯನ ಬೆನ್ನು ತಾನಾಗಿ ನೆಟ್ಟಗಾಯಿತು.

"ಎಲ್ಲಿ ತಪ್ಪಾತು?"

ನಾನು ಕಡಲು ನೋಡುತ್ತ ಕೂತೆ. ಅವರು ಎರಡನೆಯ ಸಲ ಕೇಳಲಿಲ್ಲ. ಹಿಂದಕ್ಕೆ ನಡೆದು, ಮೊದಲಿನ ಜಾಗದಲ್ಲಿ ನಿಂತು, ಬೆತ್ತ ಎತ್ತಿದರು.

ಇದಾಗಿ ಐದು ತಿಂಗಳಾಯಿತು. ವಾರಕ್ಕೆ ಮೂರು ದಿನ ಕೆಲಸಕ್ಕೆ ಹೋಗುವ ಮೊದಲು ಅವರು ಬೈಕು ತಂದು ನಮ್ಮ ಗೇಟಿನಲ್ಲಿ ಹಾರ್ನ್ ಹಾಕುತ್ತಾರೆ. ಇವತ್ತು ಹೇಳಿಬಿಡುತ್ತೇನೆ ಎಂದುಕೊಂಡೇ ನಾನು ಹಿಂದೆ ಕೂರುತ್ತೇನೆ. ಇನ್ನೂ ಹೇಳಿಲ್ಲ. ತಪ್ಪು ಎಲ್ಲಿದೆ ಎಂದು ತಿಳಿಯದೆ ಅವರು ದಿನಕ್ಕೊಂದನ್ನು ಬದಲಿಸಿ ನೋಡುತ್ತಿದ್ದಾರೆ. ಮೊದಲು ಬೆತ್ತದ ಹಿಡಿತ ಬದಲಿಸಿದರು, ಆಮೇಲೆ ಉಸಿರು. ಇವತ್ತು ಬೆಳಿಗ್ಗೆ ನಾಲ್ಕನೆಯ ಹೆಜ್ಜೆಗೆ ಎಡಗಾಲನ್ನು ಎಳೆದರು.